ನೆನಪಿಲ್ಲ ವಕೀಲರ ಗುಣನಡತೆ

ನೆನಪಿಲ್ಲ ವಕೀಲರು ತಮ್ಮ ಹತ್ತೊಂಬತ್ತು ವರ್ಷದ ವಕಾಲತ್ತಿನಲ್ಲಿ ಸ್ವಂತ ಬಾಯಿಂದ ಒಂದೇ ಒಂದು ಸುಳ್ಳನ್ನೂ ಆಡಿದವರಲ್ಲ. ಅದಕ್ಕೆ ಸಾಕ್ಷಿಗಳಿರುತ್ತಿದ್ದರು. ಇವರ ಕಡೆಯ ಸಾಕ್ಷಿ ಕಟಕಟೆ ಹತ್ತಿದನೆಂದರೆ ಎದುರು ಪಕ್ಷದ ವಕೀಲರು ಕೈಯಲ್ಲಿದ್ದ ಕಾಗದ ಮಡಚಿಟ್ಟು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದರು. ಜಮೀನು ಯಾರದು? ಗೊತ್ತಿಲ್ಲ. ಜಗಳ ನೋಡಿದಿರಾ? ನೋಡಿಲ್ಲ. ಅವತ್ತು ಎಲ್ಲಿದ್ದಿರಿ? ನೆನಪಿಲ್ಲ. ಒಮ್ಮೆ ಒಬ್ಬ ಸಾಕ್ಷಿಯಂತೂ ಹೆಸರೇನು ಎಂದು ಕೇಳಿದಾಗಲೂ ಹೇಳಬಹುದೋ ಬಾರದೋ ಎಂದು ಇವರ ಮುಖ ನೋಡಿದನಂತೆ. ಅಂದಿನಿಂದ ಕೋರ್ಟಿನ ಆವರಣದಲ್ಲಿ ಅವರಿಗೆ ಆ ಹೆಸರು ನಿಂತಿತು.

ಇಂಥ ವಕೀಲರು ಪರದೇಶಕ್ಕೆ ಬಂದದ್ದು ಹೆಂಡತಿಯ ಹಿಂದೆ. ಹೆಂಡತಿ ನರ್ಸು. ದೊಡ್ಡ ಆಸ್ಪತ್ರೆಯೊಂದು ಅವರನ್ನು ಕರೆಸಿಕೊಂಡಿತು, ಇವರು ಪೆಟ್ಟಿಗೆ ಹೊತ್ತು ಬಂದರು. ಬಂದವರೇ ಅಲ್ಲಿನ ವಕೀಲರ ಮಂಡಳಿಗೆ ಹತ್ತೊಂಬತ್ತು ವರ್ಷದ ದಾಖಲೆಯನ್ನೆಲ್ಲ ಕಟ್ಟಿ ಕಳಿಸಿದರು. ಮಂಡಳಿ ಬಹಳ ಮರ್ಯಾದೆಯಿಂದ ಉತ್ತರ ಬರೆಯಿತು. ಒಂದು ವರ್ಷ ಇಲ್ಲಿನ ಕಾನೂನು ಕಾಲೇಜಿನಲ್ಲಿ ಓದಬೇಕು. ಇಲ್ಲಿನ ಒಬ್ಬ ವಕೀಲರ ಕೈಕೆಳಗೆ ಕೆಲಸ ಹುಡುಕಿಕೊಳ್ಳಬೇಕು. ಆಮೇಲೆ ಮಂಡಳಿ ಅವರ ಗುಣನಡತೆ ವಿಚಾರಿಸಿ ಪರವಾನಗಿ ಕೊಡುತ್ತದೆ. ಅಲ್ಲಿಯವರೆಗೆ ಯಾರಿಗೂ ಕಾನೂನು ಸಲಹೆ ಕೊಡಕೂಡದು. ಕೊಟ್ಟದ್ದು ತಿಳಿದರೆ ಬಾಗಿಲು ಶಾಶ್ವತವಾಗಿ ಬಂದ್.

"ಇಷ್ಟು ಮರ್ಯಾದೆಯಿಂದ ಬರೆದಿದ್ದಾರೆ ಅಂದ್ರೆ ಏನೋ ಇದೆ," ಎಂದರು ವಕೀಲರು.

"ಏನೂ ಇಲ್ಲ ರೀ. ಮತ್ತೆ ಓದಿ ಅಂದಿದ್ದಾರೆ, ಅಷ್ಟೇ," ಎಂದರು ಹೆಂಡತಿ.

ಕಾಲೇಜಿನ ಮೊದಲ ದಿನ ಮೇಷ್ಟ್ರು ಮೇಜಿನ ಮೇಲೇ ಹತ್ತಿ ಕೂತು ಕಾಲು ಅಲ್ಲಾಡಿಸುತ್ತಾ, "ಈ ಪ್ರಶ್ನೆಗೆ ಸರಿ ಉತ್ತರ ಅಂತ ಒಂದಿಲ್ಲ. ನಿಮಗೇನನ್ಸುತ್ತೆ, ಹೇಳಿ" ಎಂದರು. ನಲವತ್ತು ಕೈಗಳು ಮೇಲೆದ್ದವು. ವಕೀಲರು ಮಾತ್ರ ತಮ್ಮ ಚೀಲವನ್ನು ನೆಲದಿಂದೆತ್ತಿ ತೊಡೆಯ ಮೇಲಿಟ್ಟುಕೊಂಡರು. ಉತ್ತರವೇ ಇಲ್ಲದ ಪ್ರಶ್ನೆಯನ್ನು ಕೂಲಿ ಕೊಟ್ಟರೂ ಯಾರೂ ಕೇಳುವುದಿಲ್ಲವೆಂಬುದು ಅವರ ಅನುಭವ. ಮೇಷ್ಟ್ರ ಕಣ್ಣು ಅವರ ಮೇಲೇ ಬಿತ್ತು.

"ನೀವು ಹೇಳಿ ಸಾರ್, ನಿಮಗೇನನ್ಸುತ್ತೆ?"

"ನನಗನ್ನಿಸೋದನ್ನ ಇಷ್ಟು ಜನರ ಮುಂದೆ ಯಾಕೆ ಹೇಳಿಸ್ತೀರಿ?"

"ಒಳ್ಳೇ ಪ್ರಶ್ನೆ!" ಎಂದು ಮೇಷ್ಟ್ರು ನಕ್ಕರು. ವಕೀಲರು ಆ ನಗುವನ್ನು ತಾರೀಖು, ಗಂಟೆ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಹೇಗೋ ಕಾಲೇಜಿನ ವರ್ಷ ಮುಗಿಯಿತು. ಕೆಲಸದ ಬೇಟೆಯೂ ಇದೇ ಧಾಟಿಯಲ್ಲಿ ನಡೆಯಿತು. ನಲವತ್ತೊಂದು ಕಚೇರಿಗೆ ಅರ್ಜಿ ಹೋಯಿತು. ನಲವತ್ತೊಂದರಿಂದಲೂ ಒಂದೇ ಉತ್ತರ: ನಿಮ್ಮ ಅರ್ಜಿ ನೋಡಿ ಬಹಳ ಸಂತೋಷವಾಯಿತು, ಸದ್ಯಕ್ಕೆ ಕೆಲಸವಿಲ್ಲ, ಆದರೂ ನಿಮ್ಮ ಕಾಗದಪತ್ರಗಳನ್ನು ನಮ್ಮಲ್ಲೇ ಜೋಪಾನವಾಗಿ ಇಟ್ಟುಕೊಂಡಿರುತ್ತೇವೆ.

"ನೋಡಿದೆಯಾ?" ಎಂದು ವಕೀಲರು ಹೆಂಡತಿಗೆ ಪತ್ರಗಳನ್ನು ಇಸ್ಪೀಟಿನೆಲೆಯಂತೆ ಹರಡಿ ತೋರಿಸಿದರು. "ಕೆಲಸ ಕೊಡಲ್ಲ, ಕಾಗದಾನೂ ವಾಪಸ್ ಕೊಡಲ್ಲ. ನಲವತ್ತೊಂದು ಜನರೂ ಸೇರಿಕೊಂಡಿದ್ದಾರೆ."

ಅವರು ಆರು ಕಚೇರಿಗೆ ಕಾಗದ ಹಿಂದಿರುಗಿಸುವಂತೆ ಖಾರವಾದ ಪತ್ರ ಬರೆದರು. ಆರೂ ಕಚೇರಿಗಳು ಕ್ಷಮೆ ಕೇಳಿ, ನಿಮ್ಮ ಈ ಪತ್ರವನ್ನೂ ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ ಎಂದು ಬರೆದವು.

ಇಷ್ಟಕ್ಕೇ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ವಕೀಲರು ಊರಿಂದ ಬರುವಾಗ ತಮ್ಮ ಹಿತ್ತಾಳೆಯ ಹೆಸರಿನ ಫಲಕವನ್ನು ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ತಂದಿದ್ದರು. ಪರವಾನಗಿಯಿಲ್ಲದೆ ಅದನ್ನು ಹೊರಗೆ ಹಾಕುವಂತಿಲ್ಲ. ಆದರೆ ಬಾಗಿಲಿನ ಒಳಬದಿಗೆ ಹಾಕಬಾರದೆಂದು ಯಾವ ಕಾನೂನಿದೆ? ಹಾಕಿದರು. ಹೆಂಡತಿಯ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಾ ಆಗಾಗ ತಲೆಯೆತ್ತಿ, ತಾವು ವಕೀಲರೆಂಬುದನ್ನು ಓದಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಬಾಗಿಲು ತೆರೆದಾಗ ಒಳಬದಿಯೂ ಹೊರಗೆ ಕಾಣುತ್ತದೆಂಬುದು ಅವರ ಗಮನಕ್ಕೆ ಬಂದದ್ದು, ಎದುರು ಮನೆಯ ಟೈಲರಮ್ಮ ಕೊರಳಲ್ಲಿ ಟೇಪು ಹಾಕಿಕೊಂಡು ಬಂದು ನಿಂತಾಗ.

"ನೀವು ವಕೀಲ್ರಾ? ಹೇಳಲೇ ಇಲ್ಲ! ನೋಡಿ, ಗಿರಾಕಿಯೊಬ್ಬಳು ಕೋಟು ಸುಟ್ಟೆ ಅಂತ ದೂರು ಕೊಟ್ಟಿದ್ದಾಳೆ. ಯಾರೋ ವಿಚಾರಿಸೋಕೆ ಬರ್ತಾರಂತೆ. ಏನು ಹೇಳ್ಲಿ?"

"ಸಲಹೆ ಕೊಡೋ ಹಾಗಿಲ್ಲಮ್ಮ ನಾನು."

"ಸಲಹೆ ಬೇಡ. ಸುಮ್ನೆ ಮಾತಾಡಿ."

ಹತ್ತೊಂಬತ್ತು ವರ್ಷ ದಿನವೂ ನಡೆದ ನಾಲಿಗೆ ವರ್ಷಕ್ಕೂ ಮೇಲಾಗಿ ಬಾಯೊಳಗೆ ಸುಮ್ಮನೆ ಬಿದ್ದಿತ್ತು. ವಕೀಲರು ಮೆಟ್ಟಿಲ ಕೆಳಗೂ ಮೇಲೂ ನೋಡಿದರು. ಯಾರೂ ಇರಲಿಲ್ಲ.

"ಇದು ಸಲಹೆಯಲ್ಲ. ಮಾತು," ಎಂದು ದನಿ ತಗ್ಗಿಸಿದರು. "ಯಾರಾದರೂ ಬ್ಯಾಗು ಹಿಡ್ಕೊಂಡು ಬಂದು ಏನಾದರೂ ಕೇಳಿದ್ರೆ ಮೂರೇ ಮಾತು. ಗೊತ್ತಿಲ್ಲ. ನೋಡಿಲ್ಲ. ನೆನಪಿಲ್ಲ."

ಟೈಲರಮ್ಮನ ವಿಚಾರಣೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಸುದ್ದಿ ಮೆಟ್ಟಿಲಿಳಿದು ಬಸ್ ಡ್ರೈವರಣ್ಣನಿಗೆ ಮುಟ್ಟಿತು. ಆತ ಬ್ರೇಕನ್ನು ಜೋರಾಗಿ ಒತ್ತಿ ಪ್ರಯಾಣಿಕರೊಬ್ಬರ ಕನ್ನಡಕ ಒಡೆದ ದೂರೂ ಮೂರು ಮಾತಿನಲ್ಲಿ ಬಗೆಹರಿಯಿತು. ನೆಲಮಹಡಿಯಲ್ಲಿ ವಾಚು ರಿಪೇರಿ ಮಾಡುವ ತಾತನ ಮೇಲೆ ಯಾವ ದೂರೂ ಇರಲಿಲ್ಲ. ಆದರೂ ಇರಲಿ, ಮುಂದೆ ಬೇಕಾಗಬಹುದೆಂದು ಅವರೂ ಕಲಿಯಲು ಬಂದರು.

ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ತಾಲೀಮು ಶುರುವಾಯಿತು. ವಕೀಲರೇ ಬ್ಯಾಗು ಹಿಡಿದು ವಿಚಾರಣೆಯವರಾಗಿ ಬರುತ್ತಿದ್ದರು. ಗದರಿಸಿ ಕೇಳಿದರು, ಬಗ್ಗಲಿಲ್ಲ. ಬೇಡಿಕೊಂಡರು, ಬಗ್ಗಲಿಲ್ಲ. ನಗುನಗುತ್ತಾ ಆರೋಗ್ಯ ವಿಚಾರಿಸಿದಾಗ ತಾತ ಮಾತ್ರ ಮಂಡಿನೋವಿನ ಬಗ್ಗೆ ಎಲ್ಲ ಹೇಳಿಬಿಟ್ಟರು.

"ನೋಡಿದಿರಾ? ನಗುತ್ತಾ ಕೇಳೋರ ಹತ್ತಿರ ಇನ್ನೂ ಹುಷಾರು!" ಎಂದರು ವಕೀಲರು. "ಕಡೇ ಪಾಠ. ನಾಳೆ ನಾನೇ ಬಂದು 'ಪರವಾಗಿಲ್ಲ, ನಿಜ ಹೇಳಿ' ಅಂದ್ರೂ ಹೇಳಬೇಡಿ. ನನ್ನನ್ನ ಯಾರೋ ಹೆದರಿಸಿ ಕಳಿಸಿದ್ದಾರೆ ಅಂತಲೇ ತಿಳ್ಕೊಳ್ಳಿ."

ಮೂವರೂ ತಲೆಯಾಡಿಸಿದರು. ಇಂಥ ಶಿಷ್ಯರು ಊರಲ್ಲೂ ಸಿಕ್ಕಿರಲಿಲ್ಲವೆಂದು ವಕೀಲರಿಗೆ ಹೆಮ್ಮೆಯೆನಿಸಿತು.

ಅದೇ ವಾರ ಅಂಚೆಯವನು ಒಂದು ರಿಜಿಸ್ಟರ್ಡ್ ಪತ್ರ ತಂದ. ರಿಜಿಸ್ಟರ್ಡ್ ಎಂದರೆ ನೋಟೀಸು, ನೋಟೀಸು ಎಂದರೆ ಬಾಗಿಲು ತೆಗೆಯಬಾರದು. ಇದನ್ನು ವಕೀಲರು ಕಕ್ಷಿದಾರರಿಗೆ ನೂರು ಸಲ ಹೇಳಿಕೊಟ್ಟಿದ್ದರು. ಈಗ ತಾವೇ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತರು. ಬಾಯಿ ತೆರೆಯಲಿಲ್ಲ, ಆದ್ದರಿಂದ ಸುಳ್ಳೂ ಆಡಲಿಲ್ಲ. ಒಲೆಯ ಮೇಲಿದ್ದ ಕುಕ್ಕರ್ ಮಾತ್ರ ಮೂರು ಸಲ ಸತ್ಯ ಹೇಳಿತು. ಅಂಚೆಯವನು ಸ್ವಲ್ಪ ಹೊತ್ತು ನಿಂತು, ಚೀಟಿಯೊಂದನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋದ. ಚೀಟಿಯಲ್ಲಿ ಕಳಿಸಿದವರ ಹೆಸರಿರಲಿಲ್ಲ. ವಕೀಲರ ಅನುಮಾನ ಗಟ್ಟಿಯಾಯಿತು.

ಕೆಟ್ಟ ಕಾಲದಲ್ಲಿ ಒಳ್ಳೆಯದೂ ಬರುತ್ತದೆ. ನಲವತ್ತೆರಡನೆಯ ಅರ್ಜಿಗೆ ಕರೆ ಬಂತು. ಬಟ್ಟೆ ಒಗೆಯುವ ಅಂಗಡಿಯ ಮೇಲೆ ಎರಡು ಕೋಣೆಯ ಕಚೇರಿ. ಸೋಪಿನ ವಾಸನೆ ನೆಲದಿಂದಲೇ ಬರುತ್ತಿತ್ತು. ಒಳಗೆ ಕೂತಿದ್ದವರು ಒಬ್ಬ ಹಿರಿಯ ವಕೀಲೆ. ಕನ್ನಡಕದ ಮೇಲಿಂದ ನೋಡುತ್ತಾ ಒಂದು ಬಾಡಿಗೆ ಕರಾರನ್ನು ಇವರ ಮುಂದೆ ತಳ್ಳಿ, "ಇದರಲ್ಲಿ ಏನಾದರೂ ತಪ್ಪಿದೆಯಾ?" ಎಂದರು.

"ತಪ್ಪಿಲ್ಲ ಅಂದ್ರೆ ನೀವ್ಯಾಕೆ ಕೇಳ್ತೀರಿ?" ಎಂದು ವಕೀಲರು ಮೊದಲ ಪುಟದಿಂದ ಓದುತ್ತಾ ಕೂತರು. ಮುಕ್ಕಾಲು ಗಂಟೆಯಲ್ಲಿ ಹನ್ನೊಂದು ಕಡೆ ಗುರುತು ಹಾಕಿದರು. ಪುಟ ಆರರಿಂದ ಎಂಟಕ್ಕೆ ಹೋಗಿದ್ದನ್ನೂ ಬಿಡಲಿಲ್ಲ.

"ನಿಮಗೆ ಮುಂಚೆ ಇಪ್ಪತ್ತು ಜನ ಬಂದಿದ್ರು. ಎಲ್ಲರೂ ಚೆನ್ನಾಗಿದೆ ಅಂದ್ರು," ಎಂದರು ಹಿರಿಯ ವಕೀಲೆ. "ನನಗೆ ಬೇಕಾಗಿದ್ದೇ ಒಬ್ಬ ಅನುಮಾನದ ಮನುಷ್ಯ. ಒಂದನೇ ತಾರೀಖಿಂದ ಬನ್ನಿ. ಅಷ್ಟರಲ್ಲಿ ಮಂಡಳಿ ಪರವಾನಗಿ ಬಂದಿರುತ್ತಲ್ಲ? ಅರ್ಜಿ ನೋಡಿದಾಗಲೇ ನಿಮ್ಮ ಬಗ್ಗೆ ಮಂಡಳಿಗೆ ಬರೆದಿದ್ದೆ. ನಿಮ್ಮ ಗುಣನಡತೆ ವಿಚಾರಣೆ ಇವತ್ತು ಬೆಳಿಗ್ಗೆ ಹತ್ತೂವರೆಗೆ ಅಂತ ನನಗೆ ಪತ್ರ ಬಂದಿದೆ. ನಿಮಗೂ ರಿಜಿಸ್ಟರ್ಡ್ ಬಂದಿರಬೇಕು."

ವಕೀಲರು ತಲೆಯೆತ್ತಿ ನೋಡಿದರು. ಗೋಡೆಯ ಗಡಿಯಾರ ಹನ್ನೆರಡು ತೋರಿಸುತ್ತಿತ್ತು. "ಯಾರನ್ನ ವಿಚಾರಿಸ್ತಾರೆ?"

"ಇನ್ಯಾರನ್ನ? ಅಕ್ಕಪಕ್ಕದವರನ್ನ."

ಹಿರಿಯ ವಕೀಲೆ ಅಲ್ಲಿಂದಲೇ ಮಂಡಳಿಗೆ ಫೋನು ಮಾಡಿದರು. ವಿಚಾರಣೆ ಆಗಿತ್ತು. ಆ ವಿಳಾಸದಲ್ಲಿ ಅಂಥ ವ್ಯಕ್ತಿಯೇ ಇಲ್ಲವೆಂದು ಮೂವರು ನೆರೆಯವರು ಒಕ್ಕೊರಲಿನಿಂದ ಹೇಳಿದ್ದರು. ಸುಳ್ಳು ವಿಳಾಸ ಕೊಟ್ಟವರಿಗೆ ಪರವಾನಗಿಯಿಲ್ಲ. ಬಹಳ ಕೇಳಿಕೊಂಡ ಮೇಲೆ ಒಂದೇ ಒಂದು ಅವಕಾಶ ಸಿಕ್ಕಿತು: ನಾಳೆ ಸಂಜೆ ನಾಲ್ಕು ಗಂಟೆಗೆ, ಅಧಿಕಾರಿ ಇನ್ನೊಮ್ಮೆ ಬರುತ್ತಾರೆ. ತಪ್ಪಿದರೆ ಕಡತ ಮುಚ್ಚುತ್ತದೆ.

ವಕೀಲರು ಓಡಿ ಬಂದು ಮೆಟ್ಟಿಲು ಹತ್ತುವುದರೊಳಗೆ ಮೂವರೂ ಬಾಗಿಲಲ್ಲೇ ಕಾಯುತ್ತಿದ್ದರು. ಮುಖಗಳು ಹಬ್ಬದಂತೆ ಅರಳಿದ್ದವು.

"ಬಂದಿದ್ರು ವಕೀಲ್ರೆ!" ಎಂದರು ಟೈಲರಮ್ಮ. "ಬ್ಯಾಗು, ನಗು, ಎಲ್ಲಾ ನೀವು ಹೇಳಿದ ಹಾಗೇನೇ. ನಿಮ್ಮ ಫೋಟೋ ತೋರಿಸಿದ್ರು. ಈ ಮುಖಾನ ಹುಟ್ಟಿದಾಗಿಂದ ನೋಡಿಲ್ಲ ಅಂದುಬಿಟ್ಟೆ."

"ನಾನು ಒಂದು ಹೆಜ್ಜೆ ಮುಂದೆ ಹೋದೆ ಸಾರ್," ಎಂದ ಡ್ರೈವರಣ್ಣ. "ಮೇಲಿನ ಮನೆ ಆರು ತಿಂಗಳಿಂದ ಖಾಲಿ, ಅಲ್ಲಿ ಇಲಿಗಳಿವೆ ಅಂದೆ."

"ನನ್ನ ಹೆಸರೇನು ಅಂತ ಕೇಳಿದ್ರು. ಅದನ್ನೂ ಗೊತ್ತಿಲ್ಲ ಅಂದೆ," ಎಂದರು ವಾಚಿನ ತಾತ. ಮಂಡಿನೋವಿನ ಬಗ್ಗೆ ಅವರು ಈ ಸಲ ತುಟಿ ಬಿಚ್ಚಿರಲಿಲ್ಲ.

ವಕೀಲರು ಮೆಟ್ಟಿಲ ಮೇಲೆ ಕೂತರು. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಯನ್ನು ಅವರು ಎಷ್ಟೋ ಸಲ ಎದುರು ಕಕ್ಷಿಗೆ ಹೇಳಿದ್ದರು.

"ನಾಳೆ ಮತ್ತೆ ಬರ್ತಾರೆ. ಅದು ನನ್ನದೇ ವಿಚಾರಣೆ. ದಯವಿಟ್ಟು ನಿಜ ಹೇಳಿ. ನಾನಿಲ್ಲೇ ಇದೀನಿ, ನನ್ನ ನಿಮಗೆ ಗೊತ್ತು ಅಂತ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಲರಮ್ಮ ಕಣ್ಣು ಮಿಟುಕಿಸಿದರು.

"ಪರೀಕ್ಷೆ," ಎಂದರು ತಾತ ಮೆಲ್ಲಗೆ.

"ಪರೀಕ್ಷೆ ಅಲ್ಲ ತಾತ! ನಾನೇ ಹೇಳ್ತಿದೀನಿ!"

"ನಾನೇ ಬಂದು ಹೇಳಿದ್ರೂ ಹೇಳಬೇಡಿ ಅಂದೋರು ಯಾರು ಸಾರ್?" ಎಂದ ಡ್ರೈವರಣ್ಣ. ಆಮೇಲೆ ಹತ್ತಿರ ಬಂದು ಭುಜ ಮುಟ್ಟಿ, "ಯಾರಾದ್ರೂ ಹೆದರಿಸ್ತಿದ್ದಾರಾ? ಹೌದಾದ್ರೆ ಒಂದು ಸಲ ಕೆಮ್ಮಿ" ಎಂದ. ಗಾಬರಿಗೆ ಗಂಟಲು ಒಣಗಿದ್ದ ವಕೀಲರು ಕೆಮ್ಮಿಬಿಟ್ಟರು. ಅಲ್ಲಿಗೆ ಮುಗಿಯಿತು. ಮೂರು ಬಾಗಿಲುಗಳೂ ಮುಚ್ಚಿದವು. ಗುರುವಿಗೇ ತಿರುಮಂತ್ರ ಬಿತ್ತು.

ಇನ್ನೊಂದು ತೊಡಕು ಆಮೇಲೆ ಹೊಳೆಯಿತು. ಒಂದು ವೇಳೆ ಅವರು ನಿಜವನ್ನೇ ಹೇಳಿದರೆ? 'ಬಹಳ ಒಳ್ಳೆಯವರು, ನಮಗೆಲ್ಲ ಕಾನೂನು ಹೇಳಿಕೊಟ್ಟರು' ಎಂದರೆ ಪರವಾನಗಿಯಿಲ್ಲದೆ ಸಲಹೆ ಕೊಟ್ಟ ಅಪರಾಧ. ಗೊತ್ತಿಲ್ಲವೆಂದರೆ ವಿಳಾಸ ಸುಳ್ಳು, ಗೊತ್ತೆಂದರೆ ಗುಣನಡತೆ ಕೆಟ್ಟದ್ದು. ಅತ್ತ ದರಿ ಇತ್ತ ಪುಲಿ.

ಹೆಂಡತಿ ಕೆಲಸದಿಂದ ಬಂದು, ಕಾಲು ಬಿಸಿನೀರಲ್ಲಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ. "ಇದೂ ತಪ್ಪಿದ್ರೆ ಇನ್ನೊಂದು ವರ್ಷ ನಾನು ಎರಡೆರಡು ಪಾಳಿ ಮಾಡ್ತೀನಿ, ಬಿಡಿ" ಎಂದಷ್ಟೇ ಹೇಳಿದರು. ಬೈದಿದ್ದರೆ ವಕೀಲರು ವಾದ ಹೂಡುತ್ತಿದ್ದರು. ಈ ಮಾತಿಗೆ ಮಾತ್ರ ಅವರಿಗೆ ನಿಜವಾಗಿ ನಾಚಿಕೆಯಾಯಿತು. ಎದ್ದು ಹೋಗಿ, ಆಗಲೇ ಇಸ್ತ್ರಿಯಾಗಿದ್ದ ಯೂನಿಫಾರ್ಮಿಗೆ ಇನ್ನೊಮ್ಮೆ ಇಸ್ತ್ರಿ ಹಾಕಿದರು.

ಮಾರನೆಯ ದಿನ ನಾಲ್ಕಕ್ಕೆ ಸರಿಯಾಗಿ ವಿಚಾರಣೆಯ ಅಧಿಕಾರಿ ಬಂದರು. ತೆಳ್ಳನೆಯ ಹೆಂಗಸು, ಕೈಯಲ್ಲಿ ಬ್ಯಾಗು, ಮುಖದಲ್ಲಿ ನಗು. ಅವರು ಮೆಟ್ಟಿಲ ಮೇಲೇ ಕೂತು ಪುಸ್ತಕ ಬಿಚ್ಚಿದರು. ವಕೀಲರು ಮನೆಯ ಬಾಗಿಲು ತೆರೆದರು. ಹಿತ್ತಾಳೆಯ ಫಲಕ ಬಿಸಿಲಿಗೆ ಫಳಫಳ ಹೊಳೆಯಿತು.

"ಇದೇನು?"

"ಒಳಗಡೆ ಅಲಂಕಾರ," ಎಂದರು ವಕೀಲರು. ಅಧಿಕಾರಿ ಬರೆದುಕೊಂಡರು.

ಆಮೇಲೆ ಒಬ್ಬೊಬ್ಬರನ್ನೇ ಕರೆದು, ವಕೀಲರನ್ನು ಎದುರಿಗೇ ನಿಲ್ಲಿಸಿ ಕೇಳಿದರು. ಟೈಲರಮ್ಮ ಎರಡು ಗೇಣು ದೂರದಿಂದ ವಕೀಲರ ಕಣ್ಣಲ್ಲಿ ಕಣ್ಣಿಟ್ಟು ನೋಡಿ, "ಗೊತ್ತಿಲ್ಲ" ಎಂದರು. ಅವರೇ ಹೊಲಿದುಕೊಟ್ಟ ಅಂಗಿ ವಕೀಲರ ಮೈಮೇಲಿತ್ತು. ಡ್ರೈವರಣ್ಣ ವಕೀಲರನ್ನು ಒಂದು ಸುತ್ತು ಬಂದು, ಹಿಂದಿನಿಂದಲೂ ನೋಡಿ, "ನೋಡಿಲ್ಲ" ಎಂದ. ತಾತ ಭೂತಗನ್ನಡಿಯನ್ನೇ ತಂದಿದ್ದರು. ವಕೀಲರ ಮೂಗಿನ ತುದಿಯನ್ನು ಬಹಳ ಹೊತ್ತು ಪರೀಕ್ಷಿಸಿ, "ನೆನಪಿಲ್ಲ" ಎಂದರು.

ಆಗ ಮೆಟ್ಟಿಲ ಬುಡದಲ್ಲಿ ಹೆಂಡತಿ ಕಾಣಿಸಿಕೊಂಡರು. ಮೂವರು ನೆರೆಯವರೂ ಅಧಿಕಾರಿಯ ಬೆನ್ನ ಹಿಂದಿನಿಂದ ಬೇಡ, ಬೇಡ ಎಂದು ಕೈಯಾಡಿಸಿದರು. ತಾತ ತುಟಿಯ ಮೇಲೆ ಬೆರಳಿಟ್ಟುಕೊಂಡರು.

"ಇವರು ನಿಮಗೆ ಗೊತ್ತಾ?" ಎಂದರು ಅಧಿಕಾರಿ.

"ಹದಿನಾರು ವರ್ಷದಿಂದ. ಗಂಡ," ಎಂದರು ಹೆಂಡತಿ. ಡ್ರೈವರಣ್ಣ ಹಣೆ ಚಚ್ಚಿಕೊಂಡ.

"ಗುಣನಡತೆ?"

"ಅನುಮಾನದ ಪ್ರಾಣಿ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡ್ತಾರೆ. ಹಾಲಿನ ಪೊಟ್ಟಣದ ತಾರೀಖನ್ನ ಅಂಗಡಿಯವನ ಕೈಲಿ ಗಟ್ಟಿಯಾಗಿ ಓದಿಸ್ತಾರೆ. ನಾನು ಡ್ಯೂಟಿಗೆ ಹೋದ್ರೆ ಬಸ್ಸಿನ ನಂಬರು ಬರ್ಕೊಳ್ತಾರೆ, ನಾನು ಬರೋವರೆಗೂ ಊಟ ಮಾಡಲ್ಲ. ಈ ಬಟ್ಟೆಗೆ ದಿನಾ ಇಸ್ತ್ರಿ ಹಾಕೋದು ಅವರೇ. ಇನ್ನೇನು ಬೇಕು ಬರ್ಕೊಳ್ಳಿ, ನನಗೆ ಕಾಲು ನೋಯ್ತಿದೆ."

ಅಧಿಕಾರಿ ಎಲ್ಲವನ್ನೂ ಬರೆದುಕೊಂಡು ಪೆನ್ನು ಮುಚ್ಚಿದರು. ಮುಚ್ಚಿದ ಪೆನ್ನು ಮತ್ತೆ ತೆರೆಯಿತು. ವಕೀಲರಿಗೆ ಈ ಚಾಳಿ ಗೊತ್ತಿತ್ತು. ಮುಖ್ಯ ಪ್ರಶ್ನೆಯನ್ನು ತಾವೂ ಹೀಗೇ ಕೇಳುತ್ತಿದ್ದರು.

"ಈ ಮೂವರಿಗೂ ಇಷ್ಟು ಚೆನ್ನಾಗಿ ಹೇಳಿಕೊಟ್ಟೋರು ಯಾರು?"

ಮೂರು ಮಾತುಗಳೂ ವಕೀಲರ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅವರು ಹೆಂಡತಿಯ ಕಾಲು ನೋಡಿದರು. ಒಂದು ಕಾಲಿನ ಚಪ್ಪಲಿ ಬಿಟ್ಟು, ತಣ್ಣನೆಯ ಕಲ್ಲಿನ ಮೇಲೆ ಊರಿ ನಿಂತಿದ್ದರು.

"ನಾನೇ," ಎಂದರು ವಕೀಲರು. "ಪರವಾನಗಿ ಇಲ್ಲದೇನೇ ಹೇಳಿಕೊಟ್ಟೆ. ತಪ್ಪಾಯ್ತು."

ಟೈಲರಮ್ಮ ಮುಂದೆ ಬಂದು, ಅಧಿಕಾರಿಯ ತೋಳು ಮುಟ್ಟಿ, ಅನುಕಂಪದಿಂದ ಹೇಳಿದರು:

"ಇವರ ಮಾತು ನಂಬಬೇಡಿ ತಾಯಿ. ಯಾರೋ ಏನೋ, ಪಾಪ. ನಮಗೆ ಯಾರೂ ಏನೂ ಹೇಳಿಕೊಟ್ಟಿಲ್ಲ."

"ನೋಡೇ ಇಲ್ಲ," ಎಂದ ಡ್ರೈವರಣ್ಣ.

ಅಧಿಕಾರಿ ಪುಸ್ತಕ ಮುಚ್ಚಿದರು. "ಇಪ್ಪತ್ತು ವರ್ಷದಿಂದ ನೆರೆಹೊರೆಯವರನ್ನ ವಿಚಾರಿಸ್ತಾ ಇದೀನಿ. ಒಬ್ಬರ ಮೇಲೊಬ್ಬರು ಚಾಡಿ ಹೇಳಿದ್ದು ಕೇಳಿ ಕೇಳಿ ಕಿವಿ ತೂತಾಗಿದೆ. ಒಬ್ಬನನ್ನ ಉಳಿಸೋಕೆ ಮೂರು ಮನೆ ಸೇರಿ ಸುಳ್ಳು ಹೇಳಿದ್ದು ಇದೇ ಮೊದಲು," ಎಂದರು. ವಕೀಲರ ಕಡೆ ತಿರುಗಿ, "ತಪ್ಪೊಪ್ಪಿಗೆಗೆ ಸಾಕ್ಷಿ ಬೇಕಲ್ಲ ಸಾರ್? ನಿಮ್ಮದಕ್ಕೆ ಒಬ್ಬರೂ ಇಲ್ಲ" ಎಂದು ನಗುತ್ತಾ ಇಳಿದು ಹೋದರು. ಆ ನಗುವಿನ ಅರ್ಥವೇನೆಂದು ವಕೀಲರು ಒಂಬತ್ತು ದಿನ ಯೋಚಿಸಿದರು.

ಒಂಬತ್ತು ದಿನವೂ ಅವರು ಬೆಳಿಗ್ಗೆಯಿಂದ ಮೆಟ್ಟಿಲ ಮೇಲೇ ಕೂತು ಅಂಚೆಯವನ ದಾರಿ ಕಾದರು. ಹತ್ತನೆಯ ದಿನ ಆತ ಬಂದ. ಕೈಯಲ್ಲಿ ರಿಜಿಸ್ಟರ್ಡ್ ಪತ್ರ.

"ನಾನೇ, ನಾನೇ!" ಎಂದು ವಕೀಲರು ಕೈಚಾಚಿದರು. ಅಂಚೆಯವನು ಪತ್ರವನ್ನು ಎದೆಗವಚಿಕೊಂಡ.

"ಹೋದ ಸಲ ಇಲ್ಲಿ ಕುಕ್ಕರ್ ಒಂದೇ ಇತ್ತು. ನೀವೇ ಅಂತ ನಾನು ಹೇಗೆ ನಂಬ್ಲಿ? ಗುರುತು ಹಿಡಿಯೋರು ಯಾರಾದ್ರೂ ಸಹಿ ಹಾಕಲಿ."

ವಕೀಲರು ಮೇಲೆ ನೋಡಿದರು. ಟೈಲರಮ್ಮ ಸೂಜಿಯನ್ನು ತುಟಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಂಚೆಯವನ ಬ್ಯಾಗು ನೋಡಿದರು, ವಕೀಲರ ಮುಖ ನೋಡಿದರು.

"ಇದು ಪರೀಕ್ಷೆನಾ ವಕೀಲ್ರೆ?"

"ಅಲ್ಲ."

"ಯಾರಾದ್ರೂ ಹೆದರಿಸಿದ್ದಾರಾ?"

ವಕೀಲರು ಬಂದ ಕೆಮ್ಮನ್ನು ನುಂಗಿಕೊಂಡರು. "ಇಲ್ಲಮ್ಮ."

"ಗೊತ್ತು," ಎಂದರು ಟೈಲರಮ್ಮ ಅಂಚೆಯವನಿಗೆ. "ನಮ್ಮ ವಕೀಲ್ರು." ಹೇಳಿ, ಸರಸರ ಸಹಿ ಹಾಕಿದರು. ವಕೀಲರ ಕಣ್ಣು ತೇವವಾಯಿತು. ಆದರೂ ತಡೆಯಲಾರದೆ, "ಏನು ಬರೆದಿದೆ ಅಂತ ಓದದೇ ಸಹಿ ಹಾಕಿದ್ರಲ್ಲಮ್ಮ!" ಎಂದು ಗದರಿಸಿಬಿಟ್ಟರು.

ಪರವಾನಗಿ ಸಿಕ್ಕಿತ್ತು. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಷರತ್ತು. ಅದನ್ನು ವಕೀಲರು ಮೊದಲು ಓದಿದರು: ಮೂರು ವರ್ಷದವರೆಗೆ, ಆರು ತಿಂಗಳಿಗೊಮ್ಮೆ, ಮುನ್ಸೂಚನೆಯಿಲ್ಲದೆ, ನೆರೆಹೊರೆಯವರ ವಿಚಾರಣೆ ಮತ್ತೆ ನಡೆಯುವುದು.

ಫಲಕ ಬಾಗಿಲ ಹೊರಬದಿಗೆ ಬಂತು. ಭಾನುವಾರ ಮೆಟ್ಟಿಲ ಮೇಲೆ ತಾಲೀಮು ಮತ್ತೆ ಶುರುವಾಯಿತು. ಈ ಸಲದ ಪಾಠ ಬೇರೆ: ಗೊತ್ತು, ನೋಡಿದ್ದೇನೆ, ನೆನಪಿದೆ. ವಕೀಲರು ಯಾವಾಗ ಬಂದರು, ಯಾವ ಮನೆ, ಏನು ಕೆಲಸ, ಎಷ್ಟು ಹೊತ್ತಿಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ. ಒಂದು ಗಂಟೆಯಾದರೂ ಮೂವರ ಉತ್ತರ ಒಂದಾಗಲಿಲ್ಲ. ಟೈಲರಮ್ಮ ತಾರೀಖು ತಪ್ಪಿದರು, ಡ್ರೈವರಣ್ಣ ಮಾತಿನ ಭರದಲ್ಲಿ ಮತ್ತೆ ಇಲಿ ಸೇರಿಸಿದ. ವಾಚಿನ ತಾತ ಬೆವರೊರೆಸಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನಿಜ ಅಂದ್ರೆ ಇಷ್ಟೊಂದು ನೆನಪಿಟ್ಕೋಬೇಕಾ ವಕೀಲ್ರೆ?" ಎಂದರು. "ಹಳೇ ಪಾಠಾನೇ ಸುಲಭವಾಗಿತ್ತು."